ಹೆಣಭಾರದ ಶ್ರುತಿ ಕಾಂತಪ್ಪ

ಯಕ್ಷಗಾನದ ಹಿಮ್ಮೇಳದಲ್ಲಿ ಭಾಗವತರ ಪಕ್ಕ ಹಾರ್ಮೋನಿಯಂ ಇಟ್ಟುಕೊಂಡು ಒಬ್ಬ ಕೂತಿರುತ್ತಾನೆ, ಗಮನಿಸಿದ್ದೀರಾ? ಗಮನಿಸಿರಲಿಕ್ಕಿಲ್ಲ. ಯಾರೂ ಗಮನಿಸುವುದಿಲ್ಲ. ಭಾಗವತರು ಹಾಡುತ್ತಾರೆ, ಚೆಂಡೆಯವ ಬಡಿಯುತ್ತಾನೆ, ವೇಷದವ ಕುಣಿಯುತ್ತಾನೆ. ಇವನು ಮಾತ್ರ ಆ ಪೆಟ್ಟಿಗೆಯ ಒಂದೇ ಮನೆಯನ್ನು, ಅಂದರೆ ಒಂದೇ ಕೀಲಿಯನ್ನು ಒತ್ತಿ ಹಿಡಿದು, ಒಂದೇ ಸ್ವರ ಬಿಡುತ್ತ, ಆಟ ಮುಗಿಯುವ ತನಕ ಗಾಳಿ ಹಾಕುತ್ತಿರಬೇಕು. ಅದಕ್ಕೆ ಶ್ರುತಿ ಹಿಡಿಯುವುದು ಅನ್ನುತ್ತಾರೆ. ಜೋಗೇಶ್ವರಿಯ ಕಾಂತಪ್ಪ ಮೂಲ್ಯ ಮೀಸೆ ಮೂಡಿದ ಕಾಲದಿಂದ ಆ ಮೀಸೆ ಬೆಳ್ಳಗಾಗುವ ತನಕ ಸೀನ ಭಾಗವತರ ಮಂಡಳಿಯಲ್ಲಿ ಹೀಗೆ ಒಂದೇ ಸ್ವರ ಹಿಡಿದುಕೊಂಡು ಬಂದವನು. ವಾರವಿಡೀ ಬಾಂದ್ರಾದ ಒಂದು ಉಡುಪಿ ಹೋಟೆಲಿನಲ್ಲಿ ಗಿರಾಕಿಗಳನ್ನು ಕೂರಿಸಿ ಆರ್ಡರ್ ತೆಗೆದುಕೊಳ್ಳುವ ಕೆಲಸ, ಭಾನುವಾರ ಶ್ರುತಿ.

ಒಂದೇ ಒಂದು ಸಲ ತಪ್ಪಿದ್ದ. ಹೊಸದರಲ್ಲಿ, ಭಾಗವತರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಇವನ ಬೆರಳು ಪಕ್ಕದ ಮನೆಗೆ ಜಾರಿತು. ಜಾರಿದ್ದು ಸುಮ್ಮನೆ ವಾಪಸು ಬರಬೇಕೋ ಬೇಡವೋ? ಬರಲಿಲ್ಲ. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹೋಗಿ ಸಣ್ಣದೊಂದು ರಾಗದ ತುಂಡನ್ನೇ ನುಡಿಸಿಬಿಟ್ಟಿತು. ಸೀನ ಭಾಗವತರು ಪದ ನಿಲ್ಲಿಸಿದರು. ತುಂಬಿದ ಸಭೆ, ಬಾಯಿಯ ಎದುರು ಮೈಕು. "ಕಾಂತಪ್ಪ, ಬೆರಳು!" ಎಂದು ಗದರಿದರು. ಸಭೆ ಗೊಳ್ಳೆಂದಿತು. ಅವತ್ತಿನಿಂದ ಮುಂಬಯಿಯ ತುಳುವರಲ್ಲಿ ಅವನು ಬೆರಳು ಕಾಂತಪ್ಪ. ಮದುವೆಯ ಮಾತುಕತೆಗೆ ಹೋದಾಗ ಶೀಲಾವತಿಯ ದೊಡ್ಡಪ್ಪ ಕೂಡ, "ಯಾರು, ಆ ಬೆರಳಿನವನಾ?" ಎಂದು ವಿಚಾರಿಸಿಕೊಂಡೇ ಹೆಣ್ಣು ಕೊಟ್ಟದ್ದು.

ಆದರೆ ಆ ತುಂಡು ರಾಗ ಇತ್ತಲ್ಲ, ಅದು ಸಾಯಲಿಲ್ಲ. ಹೋಟೆಲಿನಲ್ಲಿ ಎರಡು ಮಸಾಲೆ ಒಂದು ಸಾದಾ ಎಂದು ಕೂಗುವಾಗ, ಲೋಕಲ್ ಟ್ರೈನಿನಲ್ಲಿ ಯಾರದೋ ಕಂಕುಳಲ್ಲಿ ಮೂಗು ಇಟ್ಟು ನಿಂತಾಗ ತಲೆಯೊಳಗೆ ಬೆಳೆಯುತ್ತ ಬೆಳೆಯುತ್ತ, ಈಗ ತಲೆ ಬಾಲ ಹೊಟ್ಟೆ ಎಲ್ಲ ಇರುವ ಒಂದು ಪೂರ್ತಿ ರಾಗವಾಗಿತ್ತು. ಮನೆಯಲ್ಲಿ ನುಡಿಸೋಣ ಎಂದರೆ ಚಾಳು. ಈಚೆ ಗೋಡೆಯಲ್ಲಿ ಪರೀಕ್ಷೆಗೆ ಓದುವವರು, ಆಚೆ ಗೋಡೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ಮಲಗಿದವರು. ಹಾಗಾಗಿ ಗಾಳಿ ಹಾಕದೆ ಬರೀ ಬೆರಳಾಡಿಸುತ್ತಿದ್ದ. ಗಣಪತಿ ವಿಸರ್ಜನೆಯ ದಿನ ಮಾತ್ರ, ಹೊರಗೆ ಡೋಲು ತಾಶೆಯ ಗದ್ದಲದಲ್ಲಿ ಯಾರಿಗೂ ಏನೂ ಕೇಳದಿರುವಾಗ, ಬಾಗಿಲು ಹಾಕಿ ಗಾಳಿ ಹಾಕುತ್ತಿದ್ದ. ಶೀಲಾವತಿ ಪೆಟ್ಟಿಗೆಗೆ ಕಿವಿ ಹಚ್ಚಿ ಕೂರುತ್ತಿದ್ದಳು. "ಚಂದ ಉಂಟು ಮಾರಾಯ್ರೆ. ಕಳೆದ ವರ್ಷಕ್ಕಿಂತ ಉದ್ದ ಆಗಿದೆ" ಅನ್ನುತ್ತಿದ್ದಳು. ಲೋಕದಲ್ಲಿ ಆ ರಾಗ ಕೇಳಿದವಳು ಅವಳೊಬ್ಬಳೇ.

ನಾಲ್ಕು ಜನರ ಎದುರು ಅದನ್ನು ಒಂದು ಸಲ ಪೂರ್ತಿ ನುಡಿಸಬೇಕು. ಆ ನಾಲ್ಕು ಜನರಲ್ಲಿ ಸೀನ ಭಾಗವತರು ಇರಲೇಬೇಕು. ಕಾಂತಪ್ಪನಿಗೆ ಇದ್ದ ಆಸೆ ಇಷ್ಟೇ. ಬಂಗಲೆ ಕೇಳಲಿಲ್ಲ, ಕಾರು ಕೇಳಲಿಲ್ಲ. ಇಷ್ಟನ್ನು ಕೊಡಲಿಕ್ಕೆ ದೇವರಿಗೇನು ಧಾಡಿ?

ದೇವರು ಕೊಟ್ಟ, ಆದರೆ ತನ್ನದೇ ರೀತಿಯಲ್ಲಿ.

ಮುಂಬಯಿಯ ಯಕ್ಷಗಾನಕ್ಕೆ ಒಂದು ಪದ್ಧತಿ ಉಂಟು. ಆಟ ಚೆನ್ನಾಗಿ ಏರುತ್ತಿರುವಾಗ, ಇನ್ನೇನು ರಕ್ಕಸ ಬಂದು ಅಬ್ಬರಿಸಬೇಕು ಅನ್ನುವಾಗ, "ಈಗ ಒಂದು ಪುಟ್ಟ ಸಭಾ ಕಾರ್ಯಕ್ರಮ" ಎಂದು ಯಾರಾದರೂ ಮೈಕು ಕಿತ್ತುಕೊಳ್ಳುತ್ತಾರೆ. ಆಮೇಲೆ ಸನ್ಮಾನ. ಹಾಲ್ ಕೊಟ್ಟವರಿಗೆ ಶಾಲು, ಊಟ ಕೊಟ್ಟವರಿಗೆ ಶಾಲು, ಅವರ ಬೀಗರು ಊರಿನಿಂದ ಬಂದಿದ್ದರೆ ಅವರಿಗೂ ಶಾಲು, ಹಣ್ಣಿನ ಬುಟ್ಟಿ. ಆ ಭಾನುವಾರವೂ ಹಾಗೇ ಆಯಿತು. ಸೀನ ಭಾಗವತರು ಎದ್ದು ಚಹಾ ಕುಡಿಯಲು ಒಳಗೆ ಹೋದರು. ಹೋಗುವಾಗ ಶ್ರುತಿ ನಿಲ್ಲಿಸಲು ಸನ್ನೆ ಮಾಡುವುದನ್ನು ಮರೆತರು. ಭಾಗವತರು ಸನ್ನೆ ಮಾಡದೆ ಶ್ರುತಿ ನಿಲ್ಲಿಸಬಾರದು, ಅದು ಕ್ರಮ. ಕಾಂತಪ್ಪ ನಿಲ್ಲಿಸಲಿಲ್ಲ. ಶಾಲು ಹೊದೆಸಿದರು, ಪೇಟ ಇಟ್ಟರು, ಭಾಷಣ ಮಾಡಿದರು, ಫೋಟೋ ತೆಗೆದರು. ಅಷ್ಟೂ ಹೊತ್ತು ಹಿಂದಿನಿಂದ ಗುಂ ಎಂದು ಒಂದೇ ಸ್ವರ. ಚಹಾ ತಂದುಕೊಟ್ಟವನಿಗೂ ಶಾಲು ಬಂತು. ಕಾಂತಪ್ಪನಿಗೆ ಮಾತ್ರ ಬರಲಿಲ್ಲ. ಅವನ ಕೈಗೆ ಬಿಡುವಿರಲಿಲ್ಲ ನೋಡಿ.

ಸಭೆಯ ಕೊನೆಯ ಸಾಲಿನಲ್ಲಿ, ಊಟದ ಆಸೆಗೆ ಬಂದ ಮೂರು ಜನ ಕರಿ ಬಟ್ಟೆಯವರು ಕೂತಿದ್ದರು. ಒಬ್ಬ ಹಿತೇಶ್, ಕಾಂತಪ್ಪನ ಸ್ವಂತ ತಂಗಿಯ ಮಗ. ಇನ್ನಿಬ್ಬರು ಅವನ ಗೆಳೆಯರಾದ ರೋಶನ್, ನಿಖಿತಾ. ಸನ್ಮಾನ ಮುಗಿಯುವಷ್ಟರಲ್ಲಿ ರೋಶನ್‌ನ ಕಣ್ಣಲ್ಲಿ ನೀರು. "ಬ್ರೋ," ಅಂದ, "ಇಷ್ಟು ವರ್ಷ ನಾವು ಹುಡುಕಿದ್ದು ಇದೇ."

ಈ ಮೂವರ ಕಥೆ ಸ್ವಲ್ಪ ಹೇಳಬೇಕು. ಅವರದ್ದೊಂದು ಬ್ಯಾಂಡ್, ಹೆಸರು ಹೆಣಭಾರ. ಹೆದರಿಕೆ ಹುಟ್ಟಿಸುವ ಒಂದು ಕನ್ನಡ ಶಬ್ದ ಹೇಳು ಎಂದು ಹಿತೇಶ್ ಅಮ್ಮನನ್ನು ಕೇಳಿದಾಗ ಅವಳು ಅಕ್ಕಿ ಮೂಟೆ ಎತ್ತುತ್ತಿದ್ದಳಂತೆ. ಕಾಲೇಜಿನಲ್ಲಿ ಬಿರುಸಿನ ಮೆಟಲ್ ಬಾರಿಸುತ್ತಿದ್ದರು. ಬೇಗ ಬಾರಿಸಲು ಬರುತ್ತಿದ್ದವನು ಒಬ್ಬನೇ, ಅವನು ಪುಣೆಗೆ ಕೆಲಸಕ್ಕೆ ಹೋದ. ಉಳಿದವರಿಗೆ ಬೇಗ ಬಾರಿಸಲು ಬರುತ್ತಿರಲಿಲ್ಲ. ಬರುವುದಿಲ್ಲ ಎನ್ನುವುದಕ್ಕೆ ಅವರು ಪ್ರಯೋಗ ಎಂದು ಹೆಸರಿಟ್ಟು ನಿಧಾನ ಮಾಡಿದರು. ವರ್ಷ ಹೋದ ಹಾಗೆ ಇನ್ನಷ್ಟು ನಿಧಾನ. ಅವರ ಮೊದಲ ರೆಕಾರ್ಡಿಗೆ ಇಟ್ಟದ್ದು ವೇಗದ ಲೋಕಲ್ ಟ್ರೈನಿನ ಹೆಸರು, 'ವಿರಾರ್ ಫಾಸ್ಟ್'. ಅದರಲ್ಲಿ ಗಿಟಾರಿನ ತಂತಿಯನ್ನು ಒಮ್ಮೆ ಮೀಟಿದರೆ ಮುಂದಿನ ಸಲ ಮೀಟುವುದರೊಳಗೆ ನೀವು ಹೋಗಿ ಹಾಲು ತರಬಹುದು. ಎರಡನೆಯದು 'ಮೆಗಾಬ್ಲಾಕ್'. ಭಾನುವಾರ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುತ್ತಾರಲ್ಲ, ಅದೇ. ಅದರಲ್ಲಿ ಮೀಟುವುದೂ ಇಲ್ಲ, ಮೊದಲೇ ಮೀಟಿಟ್ಟದ್ದು ನರಳುತ್ತಿರುತ್ತದೆ. ನಿಖಿತಾ ಡ್ರಮ್ಮಿನ ಹಿಂದೆ ಕೋಲು ಎತ್ತಿ ನಿಲ್ಲುತ್ತಾಳೆ. ಹೊಡೆಯುತ್ತಾಳಾ, ಈಗ ಹೊಡೆಯುತ್ತಾಳಾ ಎಂದು ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ. ಅವಳು ಕೋಲು ಕೆಳಗಿಡುತ್ತಾಳೆ. ಚಪ್ಪಾಳೆ!

ಇದಕ್ಕೆ ಡ್ರೋನ್ ಮೆಟಲ್ ಅನ್ನುತ್ತಾರೆ ಎಂದು ಹಿತೇಶ್ ಮಾಮನಿಗೆ ವಿವರಿಸಿದ.

"ಮದುವೆಯಲ್ಲಿ ತಲೆ ಮೇಲೆ ಹಾರುತ್ತದಲ್ಲ, ಅದಾ?"

"ಅದಲ್ಲ ಮಾಮ. ಒಂದೇ ಸ್ವರ. ಫುಲ್ ವಾಲ್ಯೂಮ್. ನೀವು ಮಾಡ್ತೀರಲ್ಲ, ಸೇಮ್ ಟು ಸೇಮ್. ನೀವು ನಮ್ಮ ಬ್ಯಾಂಡಿಗೆ ಬರ್ಬೇಕು."

ಕಾಂತಪ್ಪನಿಗೆ ನಗು ಬಂತು, ಆಮೇಲೆ ಒಳಗೆಲ್ಲೋ ಚುರುಕ್ ಅಂತು. ಬ್ಯಾಂಡ್ ಎಂದರೆ ವೇದಿಕೆ. ವೇದಿಕೆ ಎಂದರೆ ನಾಲ್ಕು ಜನ. ಇಂದು ಒಂದು ಸ್ವರ, ನಾಳೆ ಎರಡು. ಮಕ್ಕಳನ್ನು ಒಲಿಸಿಕೊಂಡರೆ ರಾಗಕ್ಕೂ ಒಂದು ದಿನ ಬಂದೀತು. ಒಪ್ಪಿಕೊಂಡ.

ಜೋಗೇಶ್ವರಿಯ ಕಾರ್ಖಾನೆ ಗಲ್ಲಿಯಲ್ಲಿ, ಪ್ಲಾಸ್ಟಿಕ್ ಬಕೆಟ್ ಮಾಡುವ ಘಟಕದ ಪಕ್ಕ, ಅವರ ಅಭ್ಯಾಸದ ಗಾಲಾ, ಅಂದರೆ ಬಾಡಿಗೆಯ ಶೆಡ್ಡು. ಒಳಗೆ ಕಪಾಟಿನಷ್ಟು ದೊಡ್ಡ ಸ್ಪೀಕರುಗಳು. ಶಬ್ದ ಹಾಕಿದರೆ ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ. ಬೆಳಿಗ್ಗೆ ತಿಂದ ಇಡ್ಲಿ ಎಲ್ಲಿದೆ ಎಂದು ಹೇಳಬಹುದು. ಚಹಾದ ಗ್ಲಾಸು ತನ್ನಷ್ಟಕ್ಕೆ ನಡೆದುಕೊಂಡು ಹೋಗಿ ಮೇಜಿನಿಂದ ಬೀಳುತ್ತದೆ. ರೋಶನ್‌ನ ಕಾಲ ಬುಡದಲ್ಲಿ ಬಣ್ಣಬಣ್ಣದ ಡಬ್ಬಿಗಳ ಸಾಲು. ಹಾರ್ಮೋನಿಯಮ್ಮಿನ ಎದುರು ಇಟ್ಟ ಮೈಕು ಆ ಡಬ್ಬಿಗಳ ಮೂಲಕವೇ ಸ್ಪೀಕರಿಗೆ ಹೋಗುತ್ತಿತ್ತು. ಹೆಣಭಾರದಲ್ಲಿ ಹಾಡುವವರಿಲ್ಲದ ಕಾರಣ ಇದ್ದದ್ದೂ ಅದೊಂದೇ ಮೈಕು. ಒಮ್ಮೆ ಕಾಂತಪ್ಪ ಅದರ ಎದುರೇ ಸೀನಿದ. ಸೀನು ಗುಂ ಎಂದು ಹೊರಟು ಚಹಾ ಮುಗಿಯುವ ತನಕ ಗುಂ ಅನ್ನುತ್ತಲೇ ಇತ್ತು. "ಮಾಮ, ಆ ಡಬ್ಬಿ ಏನು ಕೊಟ್ಟರೂ ರುಬ್ಬಿ ಒಂದೇ ಹಿಟ್ಟು ಮಾಡ್ತದೆ" ಎಂದು ರೋಶನ್ ಹೆಮ್ಮೆಯಿಂದ ಹೇಳಿದ. ಎಲ್ಲರೂ ನಕ್ಕರು. ಕಾಂತಪ್ಪನೂ ನಕ್ಕು ಮರೆತುಬಿಟ್ಟ.

ಕಾಂತಪ್ಪ ಸೇರಿದ್ದೇ ಸೇರಿದ್ದು, ಹೆಣಭಾರಕ್ಕೆ ಶುಕ್ರದೆಸೆ. ಅಲ್ಲಿಯವರೆಗೆ ಬಾಂದ್ರಾದ ಒಂದು ಬಾರಿನಲ್ಲಿ ಅವರ ಕಾರ್ಯಕ್ರಮ ಎಂದರೆ ಬಾರಿನವರ ಮನೆಯ ನಾಯಿಯೂ ಎದ್ದು ಹೋಗುತ್ತಿತ್ತು. ಈಗ ಬಿಳಿ ಲುಂಗಿ, ಹೆಗಲ ಮೇಲೆ ಶಲ್ಯ, ಹಣೆಗೆ ಗಂಧ ಇಟ್ಟುಕೊಂಡು ಹೊಗೆಯ ನಡುವೆ ಕಣ್ಣು ಮುಚ್ಚಿ ಕೂತ ಮಾಮನನ್ನು ನೋಡಲು ಸಾಲು ನಿಂತಿತು. ಇಂಗ್ಲಿಷ್ ವೆಬ್‌ಸೈಟ್ ಒಂದರಲ್ಲಿ, ಇವರು ಪಶ್ಚಿಮ ಕರಾವಳಿಯ ಕಾಡಿನಲ್ಲಿ ತಲೆಮಾರುಗಳಿಂದ ಒಂದೇ ಸ್ವರವನ್ನು ಕಾಯ್ದುಕೊಂಡು ಬಂದ ಪೂಜಾರಿ ಮನೆತನದ ಕೊನೆಯ ಕುಡಿ ಎಂದು ಬಂತು. ಕಾಂತಪ್ಪನ ಅಪ್ಪ ಮುಂಬಯಿಯ ಫೋರ್ಟ್ ಏರಿಯಾದಲ್ಲಿ ಕ್ಯಾಂಟೀನ್ ನಡೆಸುತ್ತಿದ್ದವರು. ಕಾಡು ಅವರು ನೋಡಿದ್ದು ಬೋರಿವಲಿಯ ನ್ಯಾಶನಲ್ ಪಾರ್ಕಿನಲ್ಲಿ, ಅದೂ ಮಿನಿ ಟ್ರೈನಿನೊಳಗೆ ಕೂತು.

ಹೋಟೆಲಿಗೆ ಕರಿ ಟೀಶರ್ಟಿನ ಹುಡುಗರು ಬಂದು ಮಾಮಾಜಿ ಎಂದು ಕಾಲು ಮುಟ್ಟತೊಡಗಿದರು. ಕಾಂತಪ್ಪನಿಗೂ ಸ್ವಲ್ಪ ತಲೆ ತಿರುಗಿತು ಅನ್ನಿ, ಸುಳ್ಳು ಯಾಕೆ ಹೇಳಬೇಕು? ಮನೆಯಲ್ಲಿ ಕರಿಮೆಣಸಿನ ಕಷಾಯ ಬೇಕು ಅಂದ.

"ಹಾಡಲಿಕ್ಕಿಲ್ಲ, ಎಂತಕ್ಕೆ ಕಷಾಯ?" ಅಂದಳು ಶೀಲಾವತಿ.

"ಕಲಾವಿದರಿಗೆ ಬೇಕಾಗುತ್ತದೆ."

"ಹೌದಾ ಕಲಾವಿದರೇ? ಹಾಗಾದರೆ ನೀರು ಬರುವ ಹೊತ್ತಾಯಿತು, ಎರಡು ಕೊಡ ಹಿಡಿದು ಬನ್ನಿ."

ಇಷ್ಟೆಲ್ಲ ಆದ ಮೇಲೆ ಒಂದು ದಿನ ಅವನು ಧೈರ್ಯ ಮಾಡಿ ಗಾಲಾದಲ್ಲಿ ಬಾಯಿ ಬಿಟ್ಟ. "ಮಕ್ಕಳೇ, ನನ್ನದೊಂದು ರಾಗ ಉಂಟು. ಸ್ವಂತದ್ದು. ಮುಂದಿನ ಪ್ರೋಗ್ರಾಮಿನಲ್ಲಿ ಕೊನೆಗೆ ಸ್ವಲ್ಪ ನುಡಿಸಲಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಸತ್ತ ಸುದ್ದಿ ಹೇಳುವವರ ಹಾಗೆ ನಿಖಿತಾ ಹತ್ತಿರ ಬಂದು ಅವನ ಕೈ ಹಿಡಿದುಕೊಂಡಳು.

"ಮಾಮ, ಟ್ಯೂನ್ ಅಂದ್ರೆ ಜನರನ್ನು ಖುಷಿ ಮಾಡೋದು. ನಾವು ಖುಷಿ ಮಾಡೋದಿಲ್ಲ."

"ಯಾಕೆ ಮಗಾ, ಖುಷಿ ಮಾಡಿದರೆ ಎಂತ ಆಗ್ತದೆ?"

"ದಟ್ ಈಸ್ ಕಾಂಪ್ರಮೈಸ್," ಅಂದ ರೋಶನ್.

ಕಾಂತಪ್ಪ ಗಾಳಿ ಹಾಕಿ ರಾಗದ ಮೊದಲ ನಾಲ್ಕು ಸ್ವರ ನುಡಿಸಿ ತೋರಿಸಲು ಹೊರಟ. ಎರಡನೆಯದಕ್ಕೇ ಹಿತೇಶ್, ತನ್ನ ತೊಡೆಯ ಮೇಲೆ ಕೂತು ಬೆಳೆದ ಆ ಹಿತೇಶ್, ಹಾರಿ ಬಿದ್ದು ಕೂಗಿದ: "ಮಾಮ, ಬೆರಳು!"

ಕಾಂತಪ್ಪನ ಮೈಯೆಲ್ಲ ಉರಿದುಹೋಯಿತು. ಥೂ, ಇದೆಂಥ ಜನ್ಮ! ಅಲ್ಲಿ ಪಂಚೆ ಉಟ್ಟವರು ಬೆರಳು ಅನ್ನುತ್ತಾರೆ, ಇಲ್ಲಿ ಹರಿದ ಪ್ಯಾಂಟಿನವರು ಬೆರಳು ಅನ್ನುತ್ತಾರೆ. ಸಂಪ್ರದಾಯಕ್ಕೂ ಬೇಡ, ಪ್ರಯೋಗಕ್ಕೂ ಬೇಡ! ಹಾಗಾದರೆ ದೇವರು ಈ ಕೈಗೆ ಐದು ಬೆರಳು ಕೊಟ್ಟದ್ದು ಎಂತಕ್ಕೆ, ಆರ್ಡರ್ ಬರೆಯಲಿಕ್ಕಾ? ಆ ಸಿಟ್ಟಿನಲ್ಲೇ ತೀರ್ಮಾನ ಮಾಡಿದ. ಕೇಳುವುದೇ ಇಲ್ಲ, ನುಡಿಸುವುದೇ.

ಬಾಂದ್ರಾದಲ್ಲಿ ದೊಡ್ಡ ಕಾರ್ಯಕ್ರಮ ನಿಕ್ಕಿಯಾಯಿತು. ದೊಡ್ಡ ಹಾಲ್, ಹೊರಗೆ ಬ್ಯಾನರು. ಕಾಂತಪ್ಪ ಸ್ವತಃ ಸೀನ ಭಾಗವತರ ಮನೆಗೆ ಹೋಗಿ, ಮಂಡಳಿಯವರನ್ನೂ ಕರೆದುಕೊಂಡು ಬರಬೇಕೆಂದು ಕೈಮುಗಿದು ಆಮಂತ್ರಣ ಕೊಟ್ಟ. "ನಿನ್ನ ಹೆಸರು ಪೇಪರಿನಲ್ಲಿ ಬಂತಂತಲ್ಲ ಮಾರಾಯ. ಬರುತ್ತೇವೆ, ಬರುತ್ತೇವೆ" ಅಂದರು. ಶೀಲಾವತಿಗೆ ಮಾತ್ರ ವಿಷಯ ಹೇಳಿದ. ಅವಳು ಮದುವೆಗೆ ಉಡುವ ಸೀರೆ ತೆಗೆದು ಇಸ್ತ್ರಿಗೆ ಕೊಟ್ಟಳು.

ಆ ಸಂಜೆ ಬಾಗಿಲಲ್ಲೇ ಎಲ್ಲರಿಗೂ ಕಿವಿಗೆ ತುರುಕಿಕೊಳ್ಳಲು ಹಳದಿ ಸ್ಪಂಜಿನ ಬಿರಡೆ ಹಂಚಿದರು. ಸಂಗೀತ ಕೇಳಲು ಕರೆದು ಕಿವಿಗೆ ಬಿರಡೆ ಕೊಡುವುದನ್ನು ಸೀನ ಭಾಗವತರು ಇದೇ ಮೊದಲು ನೋಡಿದ್ದು. ಮಂಡಳಿಯವರೆಲ್ಲ ಬಿಳಿ ಅಂಗಿಯಲ್ಲಿ ಮುಂದಿನ ಸಾಲಿನಲ್ಲಿ ಕೂತರು. ಸ್ಪೀಕರಿನ ಪಕ್ಕದಲ್ಲೇ ಕೂರುವ ಕಾಂತಪ್ಪನಿಗಂತೂ ರೋಶನ್ ತಾನೇ ಎರಡೂ ಕಿವಿಗೆ ಬಿಗಿಯಾಗಿ ತುರುಕಿದ. ಹೊಗೆ ಬಿಟ್ಟರು. ಹೊಗೆ ಎದ್ದು ಹಾರ್ಮೋನಿಯಂ ಮುಚ್ಚಿತು, ಕೈ ಮುಚ್ಚಿತು, ಗಲ್ಲದ ತನಕ ಬಂದು ನಿಂತಿತು. ಶಬ್ದ ಶುರುವಾಯಿತು.

ಸ್ವಲ್ಪ ಹೊತ್ತು ಕಾಂತಪ್ಪ ಕ್ರಮದ ಪ್ರಕಾರ ಒಂದೇ ಮನೆ ಒತ್ತಿದ. ಆಮೇಲೆ ಕಣ್ಣು ಮುಚ್ಚಿ ಬೆರಳನ್ನು ಬಿಟ್ಟುಬಿಟ್ಟ.

ಬೆರಳು ಹೋಯಿತು ನೋಡಿ! ಇಷ್ಟು ವರ್ಷ ಕಟ್ಟಿಹಾಕಿದ್ದ ದನ ಹಗ್ಗ ಬಿಚ್ಚಿದಾಗ ಹೋಗುವ ಹಾಗೆ. ತಲೆ ನುಡಿಸಿದ, ಹೊಟ್ಟೆ ನುಡಿಸಿದ, ಶೀಲಾವತಿ ಚಂದ ಅನ್ನುತ್ತಿದ್ದ ಆ ತಿರುವಿನಲ್ಲಿ ಎರಡು ಸಲ ಸುತ್ತು ಹಾಕಿದ. ಬಿರಡೆಯೊಳಗೆ ಅವನಿಗೆ ಹೊರಗಿನದು ಏನೂ ಸರಿಯಾಗಿ ಕೇಳುತ್ತಿರಲಿಲ್ಲ, ಎದೆ ಮಾತ್ರ ಅದುರುತ್ತಿತ್ತು. ರಾಗ ತಲೆಯೊಳಗೆ ಸ್ಪಷ್ಟವಾಗಿತ್ತು, ಹೊರಗೂ ಹಾಗೇ ಇರಬೇಕು ಎಂದುಕೊಂಡ. ಒಮ್ಮೆ ಕಣ್ಣು ಬಿಟ್ಟು ನೋಡಿದರೆ ಮುಂದಿನ ಸಾಲಿನಲ್ಲಿ ಸೀನ ಭಾಗವತರು ತಲೆದೂಗುತ್ತಿದ್ದರು. ಹಿತೇಶ್ ಬೈಯಲಿಲ್ಲ, ಯಾರೂ ಬೈಯಲಿಲ್ಲ. ಕಾಂತಪ್ಪನ ಕಣ್ಣಿಂದ ನೀರು ದಳದಳ ಸುರಿಯಿತು. ಬಾಲದ ಕೊನೆಯ ಸ್ವರದ ತನಕ ಒಂದನ್ನೂ ಬಿಡದೆ ನುಡಿಸಿ, ಕೈ ತೆಗೆದು ಬಿರಡೆ ಕಿತ್ತ.

ಹಾಲ್ ಎದ್ದು ನಿಂತಿತ್ತು. ಸಿಳ್ಳೆ, ಕೂಗು. "ಮಾಮ, ಇವತ್ತು ನೆಕ್ಸ್ಟ್ ಲೆವೆಲ್!" ಎಂದು ಹಿತೇಶ್ ತಬ್ಬಿಕೊಂಡ. ಪಾಪ, ರಾಗ ಇವನಿಗೂ ಹಿಡಿಸಿತು, ಸುಮ್ಮನೆ ಸಿಟ್ಟು ಮಾಡಿಕೊಂಡಿದ್ದೆ ಎಂದು ಕಾಂತಪ್ಪ ಅಳಿಯನ ಬೆನ್ನು ತಟ್ಟಿದ.

ಅಷ್ಟರಲ್ಲಿ ಸೀನ ಭಾಗವತರು ಮಂಡಳಿಯವರ ಜತೆ ವೇದಿಕೆ ಹತ್ತಿದರು. ಒಬ್ಬರ ಕೈಯಲ್ಲಿ ಶಾಲು, ಒಬ್ಬರ ಕೈಯಲ್ಲಿ ಪೇಟ, ಮತ್ತೊಬ್ಬರು ಹಣ್ಣಿನ ಬುಟ್ಟಿ. ಸನ್ಮಾನ! ಪದ್ಧತಿಯಂತೆ ಹೆಂಡತಿಯನ್ನೂ ಕರೆದು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಇದೂ ಪ್ರಯೋಗದ ಭಾಗ ಇರಬೇಕೆಂದು ಕರಿ ಬಟ್ಟೆಯವರು ಮತ್ತೆ ಕೂತರು. ರೋಶನ್ ಶಬ್ದ ತಗ್ಗಿಸಿದ. ಭಾಗವತರಿಗೆ ಮೈಕು ಯಾಕೆ? ಗದ್ದೆ ದಾಟುವ ಗಂಟಲು ಅದು.

"ಮಹನೀಯರೇ," ಅಂದರು, "ಈ ಕಾಂತಪ್ಪನಿಗೆ ನಾನು ಒಮ್ಮೆ ಸಭೆಯಲ್ಲಿ ಬೈದಿದ್ದೆ. ಅವನು ಅದನ್ನು ಪಾಠ ಎಂದು ಸ್ವೀಕರಿಸಿದ. ಇವತ್ತು ಈ ಭೂಕಂಪದ ನಡುವೆಯೂ ಅವನ ಶ್ರುತಿ ಕೂದಲೆಳೆಯಷ್ಟು ಅಲುಗಲಿಲ್ಲ. ಆರಂಭದಿಂದ ಕೊನೆಯ ತನಕ ಒಂದೇ ಸ್ವರ! ಬೆರಳು ಕಾಂತಪ್ಪ ಎಂದು ಇನ್ನು ಯಾರೂ ಕರೆಯಬಾರದು. ಬೆರಳು ಅಲುಗದ ಕಾಂತಪ್ಪ ಎಂದು ಕರೆಯಿರಿ."

ಶಾಲು ಹೆಗಲ ಮೇಲೆ ಬಿತ್ತು. ವ್ಯಂಗ್ಯ ಮಾಡುತ್ತಿದ್ದಾರಾ ಎಂದು ಕಾಂತಪ್ಪ ಅವರ ಮುಖ ನೋಡಿದ. ಇಲ್ಲ, ನಿಜವಾಗಿ ಕಣ್ಣು ಒದ್ದೆಯಾಗಿತ್ತು. ಗಾಬರಿಯಿಂದ ಹೆಂಡತಿಯ ಕಡೆ ತಿರುಗಿದ. ಶೀಲಾವತಿಯ ಕಿವಿಯಲ್ಲಿ ಬಿರಡೆ ಇರಲಿಲ್ಲ. ರಾಗ ಕೇಳಬೇಕೆಂದು ಮೊದಲೇ ಕಿತ್ತು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದಳು. ಅಷ್ಟೂ ಶಬ್ದವನ್ನು ಬರಿಗಿವಿಯಲ್ಲಿ ತಡೆದುಕೊಂಡು ಅವಳ ಮುಖ ಬಿಳಿಚಿಹೋಗಿತ್ತು.

ಅವಳು ಬಗ್ಗಿ ಮೆಲ್ಲಗೆ ಕೇಳಿದಳು: "ಯಾಕೆ ನುಡಿಸಲಿಲ್ಲ? ಹೆದರಿದಿರಾ?"

ಆಗ ಅವನಿಗೆ ಆ ಸೀನು ನೆನಪಾಯಿತು. ಆ ಡಬ್ಬಿಗಳು, ಒಂದೇ ಹಿಟ್ಟು ಎಲ್ಲ ನೆನಪಾಯಿತು. ಅಯ್ಯೋ ದೇವರೇ! ತಲೆಯೂ ಹೋಯಿತು, ಬಾಲವೂ ಹೋಯಿತು. ಒಂದು ಜನ್ಮದ ರಾಗ ಎಲ್ಲರ ಎದುರು ಬಂದು ಯಾರಿಗೂ ಕೇಳದೆ ಹೋಯಿತು, ಮೇಲೆ ಅದಕ್ಕೊಂದು ಶಾಲು ಬೇರೆ!

ಹಾರಿ ಹೋಗಿ ಹಾರ್ಮೋನಿಯಮ್ಮಿನ ಎದುರಿನ ಮೈಕು ಕಿತ್ತುಕೊಂಡ. "ನಾನು ನುಡಿಸಿದ್ದೇನೆ! ರಾಗ ನುಡಿಸಿದ್ದೇನೆ!" ಎಂದು ಕೂಗಿದ. ಆದರೆ ಮೈಕು ಹಿಡಿದದ್ದು ನೋಡಿಯೇ, ಮಾಮ ಇನ್ನೊಂದು ಸುತ್ತು ಶುರುಮಾಡಿದರು ಎಂದುಕೊಂಡು ರೋಶನ್ ಖುಷಿಯಲ್ಲಿ ಶಬ್ದವನ್ನು ಪೂರ್ತಿ ಏರಿಸಿಯಾಗಿತ್ತು.

ಗುಂ.

ಹಾಲ್ ಹುಚ್ಚೆದ್ದಿತು. ಜನ ಕೈ ಮೇಲೆತ್ತಿ ಕಣ್ಣು ಮುಚ್ಚಿದರು. ಕಾಂತಪ್ಪ ಮತ್ತೆ ಕೂಗಿದ. ಗುಂ. ಸೀನ ಭಾಗವತರ ಹೆಸರು ಹಿಡಿದು ಕೂಗಿದ. ಗುಂ. ಭಾಗವತರು ಕುರ್ಚಿಯಲ್ಲಿ ಕೂತು ಕೈಜೋಡಿಸಿದರು.

ಕಾಂತಪ್ಪ ಒಂದು ಕ್ಷಣ ನಿಂತು ಮೈಕು ನೋಡಿದ, ಭಾಗವತರನ್ನು ನೋಡಿದ. ಏನು ಹೇಳಿದರೂ ಯಾರಿಗೂ ತಿಳಿಯುವುದಿಲ್ಲ ತಾನೇ? ಶಾಲು ಸರಿಮಾಡಿಕೊಂಡು, ಮೈಕು ಬಾಯಿಗೆ ಹತ್ತಿರ ಹಿಡಿದು, ಮೀಸೆ ಮೂಡಿದ ಕಾಲದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ತುಳುವಿನಲ್ಲಿ ಶುರುಮಾಡಿದ. ಭಾಗವತರ ಗಂಟಲಿಗೆ ಬೈದ, ಅವರ ಚಹಾಕ್ಕೆ ಬೈದ, ಅವರ ಹಿರಿಯರಿಗೆ ಒಂದು ಸುತ್ತು ಬೈದ. ಡಬ್ಬಿಗೆ ಬೈದ, ಪ್ರಯೋಗಕ್ಕೆ ಬೈದ, ಊರಿನಲ್ಲಿ ಹೆಂಗಸರು ಮಕ್ಕಳು ಇದ್ದಲ್ಲಿ ಆಡಲಾಗದ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ಹೆಕ್ಕಿ ಆಡಿದ. ವಿಸರ್ಜನೆಯ ಗದ್ದಲದಲ್ಲಿ ಗಂಡನ ತುಟಿ ಓದಿ ಅಭ್ಯಾಸವಿದ್ದ ಶೀಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಳುತ್ತಾಳೋ ನಗುತ್ತಾಳೋ ತಿಳಿಯದಂತೆ ಅಲುಗುತ್ತಿದ್ದಳು. ಸೀನ ಭಾಗವತರ ಕಣ್ಣಲ್ಲಿ ಧಾರೆಧಾರೆಯಾಗಿ ನೀರು.

ಅದೇ ಹೆಣಭಾರದ ಮೂರನೆಯ ರೆಕಾರ್ಡು. 'ಮಂತ್ರ' ಎಂದು ಹೆಸರಿಟ್ಟಿದ್ದಾರೆ, ದೇಶ ಬಿಟ್ಟು ದೇಶದಲ್ಲಿ ಕೇಳುತ್ತಾರಂತೆ. ಸೀನ ಭಾಗವತರೂ ಅದನ್ನು ಮೊಬೈಲಿಗೆ ಹಾಕಿಸಿಕೊಂಡು ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರ ಎದುರು ಕೂತು, ಕಣ್ಣು ಮುಚ್ಚಿ ಕೇಳುತ್ತಾರೆ. ಮನಸ್ಸಿಗೆ ತುಂಬ ಶಾಂತಿ ಸಿಗುತ್ತದೆ ಎಂದು ಕಾಂತಪ್ಪನಿಗೇ ಫೋನು ಮಾಡಿ ಹೇಳಿದರು. ಒಳ್ಳೆಯದಾಯಿತು, ದಿನಾ ಕೇಳಿ ಅಂದ ಕಾಂತಪ್ಪ.

ರಾಗ ಈಗ ಇನ್ನೂ ಸ್ವಲ್ಪ ಉದ್ದವಾಗಿದೆ. ಶೀಲಾವತಿಯ ಎಡಗಿವಿ ಆ ಸಂಜೆಯಿಂದ ಮಂದ. ಈ ಸಲ ವಿಸರ್ಜನೆಯ ದಿನ ಬಲಗಿವಿಯನ್ನು ಪೆಟ್ಟಿಗೆಗೆ ಹಚ್ಚಿ ಕೂರುತ್ತೇನೆ, ನೀವು ಬೇಗ ರಜೆ ಹೇಳಿಡಿ ಎಂದು ಅವಳು ಈಗಲೇ ಹೇಳಿಟ್ಟಿದ್ದಾಳೆ.